ಮದುವೆ, ಒಡವೆ, ಸಾಲದ ಹಳೆಯ ಪತ್ರಗಳನ್ನು ಸುಡಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ವಾರ ಇದೇ ಅಂಕಣದಲ್ಲಿ ನಮ್ಮ ಕೊಡಗು ಜಿಲ್ಲೆಯ ಓದುಗರೊಬ್ಬರು ಮನೆತನದ ಮೂಲಮನೆಗಳಾದ ಐನ್‌ಮನೆಗಳಲ್ಲಿ ಉಳಿದಿರುವ ಹಳೆಯ ಕಾಗದಗಳ ಬಗ್ಗೆ ಬರೆದಿದ್ದರು. ಜಮ್ಮಾ ಸನ್ನದು (ವಂಶಪಾರಂಪರ್ಯವಾಗಿ ಬಂದ ಭೂಮಿಯ ಹಕ್ಕುಪತ್ರ), ಪಹಣಿ, ಕಂದಾಯದ ರಸೀದಿಗಳನ್ನು ಜೋಪಾನವಾಗಿಟ್ಟು, ಮದುವೆಯ ಮಾತುಕತೆ, ಒಡವೆಯ ಲೆಕ್ಕ, ಸಾಲದ ಜಗಳಗಳಿರುವ ಮನೆಮಂದಿಯ ಪತ್ರಗಳನ್ನು ಸುಟ್ಟುಬಿಡುವುದೇ ಮನೆತನದ ಮರ್ಯಾದೆಗೆ ಕ್ಷೇಮ ಎಂಬುದು ಅವರ ಸಲಹೆ. ಅವರ ಕಾಳಜಿಯ ಪ್ರಾಮಾಣಿಕತೆಯಲ್ಲಿ ನನಗೆ ಸಂದೇಹವಿಲ್ಲ. ಆದರೆ ತೋಟ ಮಾರಿ ಊರು ಬಿಡುವ ಕುಟುಂಬಗಳು ಹೆಚ್ಚುತ್ತಿರುವ, ಬೀಗ ಹಾಕಿದ ಮನೆಗಳಲ್ಲಿ ಪೆಟ್ಟಿಗೆಗಳು ಗೆದ್ದಲಿನ ಪಾಲಾಗುತ್ತಿರುವ ಈ ಹೊತ್ತಿನಲ್ಲಿ ಆ ಸಲಹೆಯನ್ನು ನಾಲ್ಕು ಮನೆಯವರು ಪಾಲಿಸಿದರೂ ಆಗುವ ನಷ್ಟವನ್ನು ಮತ್ತೆ ತುಂಬಿಕೊಳ್ಳಲಾಗದು. ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದ ನನಗೆ ಐರ್ಲೆಂಡಿನ ಜಮೀನ್ದಾರ ಮನೆತನಗಳ ಪತ್ರವ್ಯವಹಾರ ಬಹುಕಾಲದ ಆಸಕ್ತಿಯ ವಿಷಯ. ಆ ಪತ್ರಗಳಲ್ಲಿ ಹೆಚ್ಚಿನವು ಮದುವೆ ಮತ್ತು ಹಣದ ಕುರಿತಾದವು. ಅವು ಉಳಿದ ಬಗೆಯನ್ನೂ, ಉಳಿದದ್ದರಿಂದ ತಿಳಿದುಬಂದ ಸಂಗತಿಗಳನ್ನೂ ನಮ್ಮವರ ಮುಂದಿಡಬೇಕೆನಿಸಿ ಈ ದೀರ್ಘ ಪತ್ರ ಬರೆಯುತ್ತಿದ್ದೇನೆ.

ಡಬ್ಲಿನ್ ನಗರದಲ್ಲಿ ಲಿಫಿ ನದಿಯ ದಂಡೆಯ ಮೇಲೆ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯದ ಸಮುಚ್ಚಯವಿದೆ. ದೇಶದ ಸಾರ್ವಜನಿಕ ದಾಖಲೆಗಳ ಭಂಡಾರವೂ ಅಲ್ಲೇ ಇತ್ತು. 1922ರ ಜೂನ್ ಕೊನೆಯಲ್ಲಿ, ಐರಿಷ್ ಅಂತರ್ಯುದ್ಧದ ಮೊದಲ ಕದನದಲ್ಲಿ, ಆ ಭಂಡಾರ ಸ್ಫೋಟಕ್ಕೂ ಬೆಂಕಿಗೂ ಸಿಕ್ಕಿ ನಾಶವಾಯಿತು. ಸುಮಾರು ಏಳು ಶತಮಾನಗಳ ದಾಖಲೆಗಳು, ಅಂದರೆ ನ್ಯಾಯಾಲಯದ ಕಡತಗಳು, ಉಯಿಲುಗಳು, ಹತ್ತೊಂಬತ್ತನೆಯ ಶತಮಾನದ ಮೊದಲರ್ಧದ ಜನಗಣತಿಯ ಹಾಳೆಗಳು, ಅನೇಕ ಚರ್ಚುಗಳ ಜನನ ಮರಣ ವಿವಾಹದ ಪುಸ್ತಕಗಳು, ಬಹುಪಾಲು ಒಂದೇ ದಿನದಲ್ಲಿ ಬೂದಿಯಾದವು. ಅದೇ ವರ್ಷಗಳಲ್ಲಿ ಹಳ್ಳಿಗಾಡಿನ ಜಮೀನ್ದಾರರ ಬಂಗಲೆಗಳೂ ಇನ್ನೂರಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ಸುಟ್ಟುಹೋದವು. ಆಗ ಇತಿಹಾಸಕಾರರಿಗೆ ಆಸರೆಯಾದದ್ದು ಉಳಿದ ಮನೆಗಳ ಮೇಜಿನ ಖಾನೆಗಳಲ್ಲಿ, ಕುಟುಂಬದ ವಕೀಲರ ಕಚೇರಿಗಳಲ್ಲಿ ಬಿದ್ದಿದ್ದ ಖಾಸಗಿ ಕಾಗದಗಳು. 1923ರಲ್ಲಿ ಸ್ಥಾಪನೆಯಾದ ಉತ್ತರ ಐರ್ಲೆಂಡಿನ ದಾಖಲೆ ಕಚೇರಿ ಕಳೆದುಹೋದದ್ದರ ಜಾಗ ತುಂಬಲೆಂದು ಮನೆತನಗಳನ್ನೂ ವಕೀಲರನ್ನೂ ಕೇಳಿ ಇಂಥ ಕಾಗದಗಳನ್ನು ಸಂಗ್ರಹಿಸಿತು. 1928ರಲ್ಲಿ ರೂಪುಗೊಂಡ ಐರಿಷ್ ಹಸ್ತಪ್ರತಿ ಆಯೋಗ ಇಂಥ ಖಾಸಗಿ ಕಾಗದಗಳಲ್ಲಿ ಹಲವನ್ನು ಅಚ್ಚು ಮಾಡಿಸಿತು. ಮನೆತನದವರು ನಾಚಿಕೆಯಿಂದ ಮುಚ್ಚಿಟ್ಟಿದ್ದ ಕಟ್ಟುಗಳು ಹೀಗೆ ಒಂದು ದೇಶದ ನೆನಪಾಗಿ ಬಳಕೆಗೆ ಬಂದವು.

ಆ ಕಾಗದಗಳಲ್ಲಿ ಇರುವುದೇನು? ಅಲ್ಲಿನ ಜಮೀನ್ದಾರರ ಮದುವೆಯೆಂದರೆ ಮೊದಲಿಗೆ ಎರಡು ಮನೆಗಳ ವಕೀಲರು ಕೂತು ಬರೆಯುವ ಕರಾರು. ಹುಡುಗಿಯ ತಂದೆ ಇಂತಿಷ್ಟು ಸಾವಿರ ಪೌಂಡ್ ಕೊಡಬೇಕು. ಅದಕ್ಕೆ ಪ್ರತಿಯಾಗಿ, ಗಂಡ ಮೊದಲು ತೀರಿಕೊಂಡರೆ ಆಕೆ ಬದುಕಿರುವಷ್ಟು ಕಾಲ ಎಸ್ಟೇಟಿನ ಹುಟ್ಟುವಳಿಯಿಂದ ವರ್ಷಾಶನ ಸಲ್ಲಬೇಕು. ಹದಿನೆಂಟನೆಯ ಶತಮಾನದ ವಾಡಿಕೆಯಲ್ಲಿ ಈ ಎರಡರ ಪ್ರಮಾಣ ಹೆಚ್ಚುಕಡಿಮೆ ಹತ್ತಕ್ಕೆ ಒಂದು. 5,000 ಪೌಂಡ್ ತಂದವಳಿಗೆ ವೈಧವ್ಯದಲ್ಲಿ ವರ್ಷಕ್ಕೆ 500 ಪೌಂಡ್. ಗಂಡ ಬದುಕಿರುವಾಗ ಆಕೆಯ ಕೈಖರ್ಚಿಗೆ ಎಷ್ಟೆಂಬುದೂ ಕರಾರಿನಲ್ಲೇ ಇರುತ್ತಿತ್ತು. ಇನ್ನೂ ಹುಟ್ಟದ ಮಕ್ಕಳ ಪೈಕಿ ಹಿರಿಯ ಮಗನಿಗೆ ಎಸ್ಟೇಟು, ಉಳಿದ ಗಂಡು ಹೆಣ್ಣು ಮಕ್ಕಳಿಗೆಲ್ಲ ಸೇರಿ ಇಷ್ಟು ನಗದು ಎಂದು ಮದುವೆಗೆ ಮುಂಚೆಯೇ ಬರೆದಿಡುತ್ತಿದ್ದರು. ಎಸ್ಟೇಟು ಕೈಗೆ ಬಂದ ಹಿರಿಯ ಮಗ ಕೂಡ ಅದರ ಪೂರ್ಣ ಒಡೆಯನಾಗುತ್ತಿರಲಿಲ್ಲ. ಬದುಕಿರುವವರೆಗೆ ಅನುಭವಿಸಬಹುದು, ಮನಬಂದಂತೆ ಮಾರುವಂತಿಲ್ಲ. ಅವನ ಮಗ ಇಪ್ಪತ್ತೊಂದು ದಾಟಿದ ಮೇಲೆ, ಸಾಮಾನ್ಯವಾಗಿ ಆ ಮಗನ ಮದುವೆಯ ಹೊತ್ತಿಗೆ, ಅಪ್ಪ ಮಗ ಇಬ್ಬರೂ ಸೇರಿ ಈ ಹಳೆಯ ಕಟ್ಟುಪಾಡನ್ನು ಬಿಡಿಸಿ ಮುಂದಿನ ತಲೆಮಾರಿಗೆ ಹೊಸ ಕಟ್ಟುಪಾಡು ಹಾಕುತ್ತಿದ್ದರು. ಮಗ ಸಹಿ ಹಾಕಲು ಒಪ್ಪಿದರೆ ಅವನಿಗೆ ವರ್ಷಕ್ಕೆ ಇಷ್ಟು ಭತ್ಯೆ. ಮಗ ಬಯಸಿದ ಹುಡುಗಿ ಯಾರು, ಆಕೆ ತರುವುದೆಷ್ಟು, ಅಪ್ಪ ಬಿಟ್ಟುಕೊಡುವುದೆಷ್ಟು ಎಂಬುದೆಲ್ಲ ಒಂದೇ ಪತ್ರದಲ್ಲಿ ಸೇರಿಕೊಳ್ಳುವುದು ಇದರಿಂದಲೇ.

ಕೊಡಗಿನವರಿಗೆ ಈ ವ್ಯವಸ್ಥೆ ಅಷ್ಟೇನೂ ಅಪರಿಚಿತವಲ್ಲ. ನಮ್ಮ ಜಮ್ಮಾ ಭೂಮಿಯೂ ಒಬ್ಬನ ಸ್ವತ್ತಾಗಿರಲಿಲ್ಲ. ಅದು ಒಕ್ಕಕ್ಕೆ, ಅಂದರೆ ಒಂದೇ ಮೂಲದ ಇಡೀ ಮನೆತನಕ್ಕೆ, ಸೇರಿದ್ದು, ಪಟ್ಟೇದಾರ ಅದನ್ನು ನೋಡಿಕೊಳ್ಳುವವನು, ಬ್ರಿಟಿಷರ ಕಾಲದಲ್ಲಿ ಸರ್ಕಾರದ ಅನುಮತಿಯಿಲ್ಲದೆ ಅದನ್ನು ಪರಭಾರೆ ಮಾಡುವಂತಿರಲಿಲ್ಲ. ವ್ಯತ್ಯಾಸವೇನೆಂದರೆ ಐರ್ಲೆಂಡಿನಲ್ಲಿ ಎಲ್ಲವೂ ಹಿರಿಯ ಮಗನ ಕಡೆಗೆ ವಾಲಿತು. ನಮ್ಮಲ್ಲಿ ಒಕ್ಕದ ಗಂಡಸರೆಲ್ಲರ ಹೆಸರಿನಲ್ಲಿ ಉಳಿಯಿತು. ಎರಡೂ ಕಡೆ ಹೆಣ್ಣುಮಕ್ಕಳ ಪಾಲಿಗೆ ಬಂದದ್ದು ಭೂಮಿಯಲ್ಲ, ಹಣ ಅಥವಾ ಒಡವೆ.

ಮದುವೆಯ ಹಣ ಹರಿಯುತ್ತಿದ್ದ ದಾರಿಯನ್ನು ನೋಡಿದರೆ ಆ ಪತ್ರಗಳಲ್ಲಿನ ಕಹಿ ಅರ್ಥವಾಗುತ್ತದೆ. ಸೊಸೆ ತಂದ ಹಣ ಗಂಡನ ಕೈಸೇರಿ ಉಳಿಯುವುದು ಅಪರೂಪವಾಗಿತ್ತು. ಅದು ಅನೇಕ ವೇಳೆ ಗಂಡನ ತಂಗಿಯರಿಗೆ ಸಲ್ಲಬೇಕಾದ ಪಾಲಿಗೆ ಹೋಗುತ್ತಿತ್ತು. ಆದ್ದರಿಂದ ಅಣ್ಣನ ಮದುವೆ ತಡವಾದರೆ ತಂಗಿಯರ ಮದುವೆಯೂ ತಡ. ಅಣ್ಣ ಹಣವಿಲ್ಲದ ಹುಡುಗಿಯನ್ನು ಮೆಚ್ಚಿದರೆ ತಂಗಿಯರಿಗೆ ಮದುವೆಯೇ ಇಲ್ಲವೆನ್ನುವ ಸ್ಥಿತಿ. ಅಸಲು ಕೊಡಲಾಗದಿದ್ದರೆ ತಂಗಿಯರಿಗೂ ತಮ್ಮಂದಿರಿಗೂ ವರ್ಷವರ್ಷ ಬಡ್ಡಿ ಕೊಡಬೇಕು. ಇದರ ಜೊತೆಗೆ ಒಂದೇ ಮನೆಯಲ್ಲಿ ಅಜ್ಜಿ, ತಾಯಿ ಇಬ್ಬರೂ ವಿಧವೆಯರಾಗಿ ದೀರ್ಘಕಾಲ ಬದುಕಿದರೆ ಎರಡು ವರ್ಷಾಶನ. ಒಬ್ಬ ಮುದುಕಿಯ ಆಯುಷ್ಯವನ್ನು ಮೊಮ್ಮಗ ಲೆಕ್ಕಹಾಕುವಂತೆ ಮಾಡಿದ್ದು ಮನುಷ್ಯರ ಕೆಡುಕಿಗಿಂತ ಹೆಚ್ಚಾಗಿ ಆ ಕರಾರಿನ ಏರ್ಪಾಡು ಎಂದು ನಾನು ತಿಳಿಯುತ್ತೇನೆ. ಹಣದ ವಿಷಯದಲ್ಲಿ ಇನ್ನೂ ಒಂದು ತೊಡಕಿತ್ತು. 1826ರವರೆಗೆ ಐರಿಷ್ ಪೌಂಡ್ ಮತ್ತು ಇಂಗ್ಲಿಷ್ ಪೌಂಡ್ ಬೇರೆಬೇರೆಯಾಗಿದ್ದು, ಇಂಗ್ಲೆಂಡಿನ 100 ಪೌಂಡಿಗೆ ಐರ್ಲೆಂಡಿನಲ್ಲಿ 108 ಪೌಂಡ್ 6 ಶಿಲಿಂಗ್ 8 ಪೆನ್ಸ್ ಆಗುತ್ತಿತ್ತು. ಹಾಗಾಗಿ ಕೊಡುವ ಹಣ ಯಾವ ದೇಶದ್ದೆಂದು ಕರಾರಿನಲ್ಲಿ ಸ್ಪಷ್ಟವಾಗಿ ಬರೆಯದಿದ್ದರೆ ಬೀಗರ ನಡುವೆ ವ್ಯಾಜ್ಯ ಖಂಡಿತ.

ಪತ್ರಗಳ ರೂಪವೂ ಹಣದಿಂದಲೇ ನಿರ್ಧಾರವಾಗುತ್ತಿತ್ತು. 1840ರಲ್ಲಿ ಒಂದು ಪೆನ್ನಿಯ ಅಂಚೆ ಬರುವವರೆಗೆ ಅಂಚೆಯ ದರ ದೂರಕ್ಕೂ ಹಾಳೆಗಳ ಸಂಖ್ಯೆಗೂ ತಕ್ಕಂತೆ ಏರುತ್ತಿತ್ತು, ಸಾಮಾನ್ಯವಾಗಿ ಅದನ್ನು ತೆರುವವರು ಪತ್ರ ಪಡೆದವರು. ಲಕೋಟೆಯೂ ಒಂದು ಹಾಳೆಯೆಂದು ಲೆಕ್ಕಕ್ಕೆ ಬರುತ್ತಿದ್ದುದರಿಂದ ಕಾಗದವನ್ನೇ ಮಡಿಸಿ ಅರಗಿನ ಮುದ್ರೆ ಒತ್ತುತ್ತಿದ್ದರು. ಹಾಳೆ ತುಂಬಿದ ಮೇಲೆ ಅದನ್ನು ಅಡ್ಡಕ್ಕೆ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಮತ್ತೆ ಸಾಲು ಹಾಯಿಸುತ್ತಿದ್ದರು. ಇನ್‌ಲ್ಯಾಂಡ್ ಲೆಟರಿನ ಮೂರು ಮಗ್ಗುಲೂ ಮುಗಿದ ಬಳಿಕ ಅಂಟಿಸುವ ಅಂಚಿನ ಮೇಲೂ ‘ಅಜ್ಜಿಗೆ ನಮಸ್ಕಾರ ತಿಳಿಸಿ’ ಎಂದು ಬರೆದು ಕಳಿಸಿದವರಿಗೆ ಈ ಮಿತವ್ಯಯ ಚೆನ್ನಾಗಿ ಗೊತ್ತು.

ಒಂದು ಮನೆತನದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಕೆರಿ ಪ್ರಾಂತ್ಯದ ಕಡಲತೀರದ ಡೆರಿನೇನ್ ಎಂಬಲ್ಲಿನ ಓಕಾನೆಲ್ ಕುಟುಂಬ ಕ್ಯಾಥೊಲಿಕ್ ಜಮೀನ್ದಾರರದ್ದು. 1704ರ ಕಾಯಿದೆಯೊಂದು ಕ್ಯಾಥೊಲಿಕರ ಆಸ್ತಿಯನ್ನು ಎಲ್ಲ ಗಂಡುಮಕ್ಕಳಿಗೂ ಹಂಚಲೇಬೇಕೆಂದೂ, ಹಿರಿಯ ಮಗ ಸರ್ಕಾರ ಮಾನ್ಯಮಾಡಿದ ಪ್ರಾಟೆಸ್ಟೆಂಟ್ ಚರ್ಚಿಗೆ ಸೇರಿದರೆ ಮಾತ್ರ ಅವನಿಗೆ ಇಡಿಯಾಗಿ ಸಿಗುವುದೆಂದೂ ವಿಧಿಸಿತ್ತು. ಈ ನಿಯಮ ಸಡಿಲವಾದದ್ದು 1778ರಲ್ಲಿ. ಅಷ್ಟರಲ್ಲಿ ಕ್ಯಾಥೊಲಿಕರ ದೊಡ್ಡ ಹಿಡುವಳಿಗಳಲ್ಲಿ ಬಹುಪಾಲು ಒಡೆದೋ, ಮತಾಂತರದಿಂದಲೋ ಕೈಬಿಟ್ಟುಹೋಗಿದ್ದವು. ಅಂಥ ಕಾಲದಲ್ಲಿಯೂ ಆಸ್ತಿ ಉಳಿಸಿ ಬೆಳೆಸಿದವನು ಮಾರಿಸ್ ಓಕಾನೆಲ್. ‘ಹಂಟಿಂಗ್ ಕ್ಯಾಪ್’ ಎಂಬುದು ಅವನ ಅಡ್ಡಹೆಸರು. ಮಕ್ಕಳಿಲ್ಲದ ಅವನು ತಮ್ಮನ ಮಗ ಡೇನಿಯಲ್‌ನನ್ನು ಸಾಕಿ, ಫ್ರಾನ್ಸಿನಲ್ಲಿಯೂ ಲಂಡನ್ನಿನಲ್ಲಿಯೂ ಓದಿಸಿ ವಕೀಲನನ್ನಾಗಿ ಮಾಡಿದ. 1829ರಲ್ಲಿ ಕ್ಯಾಥೊಲಿಕರಿಗೆ ಸಂಸತ್ತಿನ ಬಾಗಿಲು ತೆರೆಸಿದ ಮಹಾನಾಯಕ ಡೇನಿಯಲ್ ಓಕಾನೆಲ್ ಇವನೇ. ದೊಡ್ಡಪ್ಪ ಅವನಿಗಾಗಿ ಕಾರ್ಕ್ ನಗರದ ಸಿರಿವಂತರ ಮನೆಯ ಹುಡುಗಿಯನ್ನು ನೋಡಿಟ್ಟಿದ್ದ. ಡೇನಿಯಲ್ ಮೆಚ್ಚಿದ್ದು ದೂರದ ಸಂಬಂಧಿ ಮೇರಿಯನ್ನು. ಟ್ರಲೀ ಊರಿನ ವೈದ್ಯನೊಬ್ಬನ ಮಗಳು, ತಂದೆಯಿಲ್ಲದವಳು, ತರಲು ಕಾಸಿಲ್ಲದವಳು. 1802ರ ಜುಲೈಯಲ್ಲಿ ಡಬ್ಲಿನ್‌ನಲ್ಲಿ ಅವರು ಗುಟ್ಟಾಗಿ ಮದುವೆಯಾದರು, ತಿಂಗಳುಗಟ್ಟಲೆ ಗುಟ್ಟಾಗಿಯೇ ಇಟ್ಟರು. ಮೇರಿ ಬಸುರಿಯಾದ ಮೇಲೆ ವಿಷಯ ಹೊರಬಿತ್ತು. ದೊಡ್ಡಪ್ಪನ ಕೋಪ ಉಯಿಲಿನಲ್ಲಿ ಇಳಿಯಿತು. ತನಗೆ ಬರಲಿದ್ದ ಆಸ್ತಿಯ ಬಹುಭಾಗ ಡೇನಿಯಲ್‌ನ ಕೈತಪ್ಪಿತು. ತೊಂಬತ್ತು ದಾಟಿದ ಮುದುಕ 1825ರಲ್ಲಿ ತೀರಿಕೊಂಡಾಗ ಡೆರಿನೇನ್ ಮನೆಯೂ ಆಸ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲೂ ಅವನಿಗೆ ಬಂದವು; ಮಿಕ್ಕದ್ದು ಡೇನಿಯಲ್‌ನ ತಮ್ಮಂದಿರಿಗೆ.

ಗಂಡಹೆಂಡಿರು ಬಹುಕಾಲ ದೂರದೂರ ಇರಬೇಕಾದುದರಿಂದ, ಗಂಡ ನ್ಯಾಯಾಲಯಗಳ ಸುತ್ತಾಟದಲ್ಲಿ ಊರಿಂದೂರಿಗೆ ಹೋಗುತ್ತಿದ್ದುದರಿಂದ, ಅವರ ನಡುವೆ ನೂರಾರು ಪತ್ರಗಳು ಓಡಾಡಿದವು. ಅವು ಒಲವಿನ ಪತ್ರಗಳೂ ಹೌದು, ಸಾಲದ ಪತ್ರಗಳೂ ಹೌದು. ಯಾವ ಹುಂಡಿಯ ಗಡುವು ಯಾವಾಗ, ಯಾರಿಗೆ ಎಷ್ಟು ಕೊಟ್ಟು ಸುಮ್ಮನಾಗಿಸಬೇಕು, ಯಾವ ಗೆಳೆಯನ ಸಾಲಕ್ಕೆ ಜಾಮೀನು ನಿಂತದ್ದು ಕುತ್ತಿಗೆಗೆ ಬಂತು, ದೊಡ್ಡಪ್ಪನಿಗೆ ತಿಳಿಯದಂತೆ ಏನು ಮಾಡಬೇಕು ಎಂಬುದೆಲ್ಲ ಮಕ್ಕಳ ಜ್ವರ, ಹಲ್ಲು ಮೂಡಿದ ಸುದ್ದಿಗಳ ನಡುವೆಯೇ ಬರುತ್ತದೆ. ಡೇನಿಯಲ್ ದೇಶದ ಅತ್ಯಂತ ಹೆಚ್ಚು ಸಂಪಾದಿಸುವ ವಕೀಲರಲ್ಲಿ ಒಬ್ಬನಾಗಿಯೂ ಸಾಲದಿಂದ ಮೇಲೇಳಲಿಲ್ಲ. 1822ರಲ್ಲಿ ಮನೆಖರ್ಚು ತಗ್ಗಿಸಲೆಂದು ಮೇರಿ ಮಕ್ಕಳನ್ನು ಕಟ್ಟಿಕೊಂಡು ಫ್ರಾನ್ಸಿಗೆ ಹೋಗಿ ನೆಲೆಸಬೇಕಾಯಿತು. ಇವೂ ಸೇರಿದಂತೆ ಡೇನಿಯಲ್‌ನ ಸಾವಿರಾರು ಪತ್ರಗಳ ವ್ಯವಹಾರ ಇಂದು ಎಂಟು ಸಂಪುಟಗಳಲ್ಲಿ ಅಚ್ಚಾಗಿದೆ. ಮೇರಿಯ ಪತ್ರಗಳನ್ನು ‘ಮನೆಯ ಗುಟ್ಟು’ ಎಂದು ಯಾರಾದರೂ ಸುಟ್ಟಿದ್ದರೆ ನಮಗೆ ಭಾಷಣಗಳ ಓಕಾನೆಲ್ ಮಾತ್ರ ಉಳಿಯುತ್ತಿದ್ದ. ಅವನ ಸಾರ್ವಜನಿಕ ಜೀವನದ ಬೆಲೆಯನ್ನು ಅಂಗಡಿಯ ಬಾಕಿಯಲ್ಲಿ, ಪರದೇಶದ ಬಾಡಿಗೆ ಮನೆಯಲ್ಲಿ ತೆತ್ತವಳ ಹೆಸರೂ ಯಾರಿಗೂ ತಿಳಿಯುತ್ತಿರಲಿಲ್ಲ. ಇದರಿಂದ ಆ ಮನೆತನದ ಮರ್ಯಾದೆಗೆ ಕುಂದು ಬಂದಿದೆಯೆಂದು ಇಂದು ಐರ್ಲೆಂಡಿನಲ್ಲಿ ಹೇಳುವವರನ್ನು ನಾನು ಕಂಡಿಲ್ಲ.

ಕರಾರಿನ ಮೇಲೆ ಕರಾರು, ಸಾಲದ ಮೇಲೆ ಸಾಲ ಕೂತ ಎಸ್ಟೇಟುಗಳು ಕುಸಿದದ್ದು 1845ರಿಂದ ಬಂದ ಮಹಾಕ್ಷಾಮದಲ್ಲಿ. ಆಲೂಗಡ್ಡೆಯ ಬೆಳೆ ಕೊಳೆತು ಸುಮಾರು ಹತ್ತು ಲಕ್ಷ ಮಂದಿ ಸತ್ತರು, ಅಷ್ಟೇ ಮಂದಿ ದೇಶ ಬಿಟ್ಟರು. ಆ ಸಾವಿನ ಮುಂದೆ ಜಮೀನ್ದಾರರ ಕಷ್ಟವನ್ನು ಸಮನಾಗಿ ಇಡುವುದು ತಪ್ಪು. ಗೇಣಿದಾರರನ್ನು ಬೀದಿಗೆ ತಳ್ಳಿದವರಲ್ಲಿ ಇದೇ ಜಮೀನ್ದಾರರಿದ್ದರು ಎಂಬುದನ್ನೂ ಮರೆಯಬಾರದು. ಆದರೂ ಗೇಣಿ ನಿಂತಾಗ ಬಡ್ಡಿ ನಿಲ್ಲಲಿಲ್ಲ, ವರ್ಷಾಶನವೂ ನಿಲ್ಲಲಿಲ್ಲ. ಗಾಲ್ವೆ ಪ್ರಾಂತ್ಯದ ಬಾಲಿನಹಿಂಚ್‌ನ ಮಾರ್ಟಿನ್ ಮನೆತನದ್ದು ಸುಮಾರು ಎರಡು ಲಕ್ಷ ಎಕರೆಯ ಎಸ್ಟೇಟು. ಅದರ ಒಡೆಯ ಥಾಮಸ್ ಮಾರ್ಟಿನ್ ತನ್ನ ಗೇಣಿದಾರರನ್ನು ನೋಡಲು ಬಡವರ ಆಶ್ರಯಗೃಹಕ್ಕೆ ಹೋಗಿ ಅಲ್ಲಿ ಜ್ವರ ತಗಲಿಸಿಕೊಂಡು 1847ರಲ್ಲಿ ಸತ್ತ. ಒಬ್ಬಳೇ ಮಗಳು ಮೇರಿಗೆ ಭೂಮಿಯೂ ಬಂತು, ಅದಕ್ಕಿಂತ ಭಾರವಾದ ಸಾಲವೂ ಬಂತು. ಅದೇ ವರ್ಷ ಅವಳು ಹಣವಂತನಲ್ಲದ ಆರ್ಥರ್ ಗಾನ್ ಬೆಲ್ ಎಂಬವನನ್ನು ಮದುವೆಯಾದಳು. ಅಡಮಾನ ಪಡೆದಿದ್ದ ಲಂಡನ್ನಿನ ವಿಮಾ ಸಂಸ್ಥೆಯ ಕೈಗೆ ಇಡೀ ಎಸ್ಟೇಟು ಹೋಯಿತು. ದೇಶ ಬಿಟ್ಟು ಹೊರಟ ಮೇರಿ 1850ರಲ್ಲಿ ನ್ಯೂಯಾರ್ಕಿನಲ್ಲಿ ಹೆರಿಗೆಯ ಬಳಿಕ ತೀರಿಕೊಂಡಳು. 1849ರಲ್ಲಿ ಸಂಸತ್ತು ಸಾಲಗ್ರಸ್ತ ಎಸ್ಟೇಟುಗಳ ಕಾಯಿದೆ ತಂದು, ಹಳೆಯ ಕರಾರುಗಳನ್ನೆಲ್ಲ ತೊಡೆದು ಹೊಸ ಕೊಳ್ಳುಗನಿಗೆ ನಿರ್ಬಾಧಿತ ಹಕ್ಕುಪತ್ರ ಕೊಡುವ ನ್ಯಾಯಾಲಯ ಸ್ಥಾಪಿಸಿತು. 1903ರ ವಿಂಡಮ್ ಕಾಯಿದೆಯಡಿ ಸರ್ಕಾರವೇ ಸಾಲ ಕೊಟ್ಟು ಗೇಣಿದಾರರು ಜಮೀನ್ದಾರರಿಂದ ಭೂಮಿ ಕೊಳ್ಳುವಂತೆ ಮಾಡಿತು. ಜಮೀನ್ದಾರರಿಗೆ ಬಂದ ಆ ಹಣದಲ್ಲೂ ಮೊದಲ ಪಾಲು ಹಳೆಯ ಹೊರೆಗಳನ್ನು ತೀರಿಸಲು ಹೋಗುತ್ತಿತ್ತು. ಅಜ್ಜಿಯ ಕಾಲದ ಮದುವೆಯ ಕರಾರು ಮೊಮ್ಮಗನ ಮನೆಯನ್ನು ಮುಳುಗಿಸಿದ್ದು ಹೇಗೆಂದು ಅರಿಯಲು ಸರ್ಕಾರಿ ಅಂಕಿಅಂಶಗಳು ಸಾಲವು, ಮನೆಯ ಪತ್ರಗಳೇ ಬೇಕು.

ಹೆಣ್ಣಿನ ಬದುಕಿಗೆ ಈ ಹಣದ ಮಾತು ಎಷ್ಟು ಮುಖ್ಯವಾಗಿತ್ತೆಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ, ಏಕೆಂದರೆ ‘ಕೊಳಕು ಲೆಕ್ಕಾಚಾರ’ ಎಂದು ನಾವು ಮೂಗು ಮುರಿಯುವುದು ಇಲ್ಲಿಯೇ. 1882ರ ವಿವಾಹಿತ ಮಹಿಳೆಯರ ಆಸ್ತಿ ಕಾಯಿದೆ ಬರುವವರೆಗೆ, ಬೇರೆ ಏರ್ಪಾಡು ಇಲ್ಲದಿದ್ದರೆ, ಮದುವೆಯಾದ ಹೆಣ್ಣಿನ ನಗದು, ಒಡವೆ, ಪೀಠೋಪಕರಣ ಎಲ್ಲವೂ ಗಂಡನದಾಗುತ್ತಿದ್ದವು. ಅವಳಿಗಿದ್ದ ರಕ್ಷಣೆ ಮದುವೆಯ ಕರಾರು ಮತ್ತು ಅದರಲ್ಲಿ ಹೆಸರಿಸಿದ ಟ್ರಸ್ಟಿಗಳು. ಹದಿನೆಂಟನೆಯ ಶತಮಾನದಲ್ಲಿ ಲೇಡಿ ಕ್ಯಾಥ್‌ಕಾರ್ಟ್ ಎಂಬ ಶ್ರೀಮಂತ ವಿಧವೆ ಕರ್ನಲ್ ಹ್ಯೂ ಮಗೈರ್ ಎಂಬವನನ್ನು ನಾಲ್ಕನೆಯ ಗಂಡನಾಗಿ ಮದುವೆಯಾದಳು. ಅವಳ ಆಸ್ತಿಯ ಆಸೆಯಿಂದ ಅವನು ಅವಳನ್ನು ಐರ್ಲೆಂಡಿನ ಫರ್ಮಾನಾ ಪ್ರಾಂತ್ಯದ ತನ್ನ ಮನೆಯಲ್ಲಿ ಸುಮಾರು ಇಪ್ಪತ್ತು ವರ್ಷ ಕೂಡಿಹಾಕಿದ. 1766ರಲ್ಲಿ ಅವನು ಸತ್ತ ಮೇಲೆ ಅವಳಿಗೆ ಬಿಡುಗಡೆ. ಆಸ್ತಿಯುಳ್ಳ ಹುಡುಗಿಯರನ್ನು ಹೊತ್ತೊಯ್ದು ಬಲವಂತದ ಮದುವೆ ಮಾಡಿಕೊಳ್ಳುವ ಪಿಡುಗು ಎಷ್ಟಿತ್ತೆಂದರೆ 1707ರಲ್ಲಿಯೇ ಅದಕ್ಕೆ ಮರಣದಂಡನೆಯ ಕಾಯಿದೆ ಮಾಡಬೇಕಾಯಿತು. 1779ರಲ್ಲಿ ಕೆನಡಿ ಮನೆತನದ ಇಬ್ಬರು ಅಕ್ಕತಂಗಿಯರನ್ನು ಅಪಹರಿಸಿದ ಇಬ್ಬರನ್ನು ಮರುವರ್ಷ ಕಿಲ್ಕೆನಿಯಲ್ಲಿ ಗಲ್ಲಿಗೇರಿಸಲಾಯಿತು. ಇವನ್ನೆಲ್ಲ ಓದಿದ ಬಳಿಕ, ಮಗಳ ಕೈಖರ್ಚಿಗೆ ವರ್ಷಕ್ಕೆ ಇನ್ನೂ ಐವತ್ತು ಪೌಂಡ್ ಸೇರಿಸಿ ಎಂದು ತಂದೆಯೊಬ್ಬ ಬೀಗರೊಡನೆ ಹಟ ಹಿಡಿಯುವುದು ನನಗೆ ಜಿಪುಣತನವಾಗಿ ಕಾಣುವುದಿಲ್ಲ. ಕಾನೂನು ಕೊಡದ ಆಸರೆಯನ್ನು ಆ ತಂದೆ ಕಾಗದದ ಮೇಲೆ ಬರೆಸಿಕೊಳ್ಳುತ್ತಿದ್ದ.

ಮದುವೆಯಾಗದ ಹೆಣ್ಣುಮಕ್ಕಳ ಕೈಬರಹವೂ ಇದೆ. ಲಾಂಗ್‌ಫರ್ಡ್ ಪ್ರಾಂತ್ಯದ ಎಜ್‌ವರ್ತ್ಸ್‌ಟೌನ್‌ನ ಮರಾಯ ಎಜ್‌ವರ್ತ್ ಕಾದಂಬರಿಕಾರ್ತಿಯೆಂದು ಹೆಸರಾದವಳು. ತಂದೆ ನಾಲ್ಕು ಮದುವೆಯಾಗಿ ಇಪ್ಪತ್ತೆರಡು ಮಕ್ಕಳಿದ್ದ ಮನೆ. ತಮ್ಮ ಲೊವೆಲ್ ಸಾಲದಲ್ಲಿ ಮುಳುಗಿದಾಗ, 1826ರಲ್ಲಿ, ಐವತ್ತೆಂಟು ದಾಟಿದ ಅವಳೇ ಎಸ್ಟೇಟಿನ ಆಡಳಿತ ವಹಿಸಿಕೊಂಡು ಗೇಣಿಯ ಪುಸ್ತಕ ನೋಡಿ, ಸಾಲ ಕೊಟ್ಟವರೊಡನೆ ಮಾತಾಡಿ, ಮನೆ ಉಳಿಸಿದಳು. ಭೂಮಿಯ ಮೇಲೆ ಹಕ್ಕಿಲ್ಲದವಳು ಭೂಮಿಯನ್ನು ಕಾದ ಈ ಸಂಗತಿ ಗೊತ್ತಾಗುವುದು ಅವಳು ಮಲತಾಯಿಗೂ ತಂಗಿಯರಿಗೂ ಬರೆದ ಪತ್ರಗಳಿಂದ. ನಮ್ಮ ತೋಟಗಳಲ್ಲಿಯೂ ಗಂಡ ಸೇನೆಯಲ್ಲಿದ್ದಾಗ ಕಾಫಿ ಕೊಯ್ಲು, ಆಳುಗಳ ಬಟವಾಡೆ, ಗೊಬ್ಬರದ ಸಾಲವನ್ನೆಲ್ಲ ನೋಡಿಕೊಂಡ ಎಷ್ಟೋ ಹೆಣ್ಣುಮಕ್ಕಳ ಹೆಸರು ಯಾವ ಪಹಣಿಯಲ್ಲೂ ಇಲ್ಲ.

ಇಲ್ಲಿ ನನ್ನ ಮುಖ್ಯ ಆತಂಕವನ್ನು ಹೇಳಬೇಕು. ಐರ್ಲೆಂಡಿನಲ್ಲಿ 1708ರಿಂದಲೇ ಕರಾರುಪತ್ರಗಳ ನೋಂದಣಿ ಕಚೇರಿ ಇತ್ತು. ಮದುವೆಯ ಕರಾರುಗಳ ಸಾರಾಂಶಗಳು ಅಲ್ಲಿ ದಾಖಲಾಗುತ್ತಿದ್ದವು, 1922ರ ಬೆಂಕಿ ಆ ಕಚೇರಿಯನ್ನು ಮುಟ್ಟಲಿಲ್ಲ. ನಮ್ಮಲ್ಲಿ ಮದುವೆಯ ಕರಾರು ಬಾಯಿಮಾತಿನದು. ಕೊಡವ ಮದುವೆಯಲ್ಲಿ ಎರಡೂ ಕಡೆಯ ಅರುವರು, ಅಂದರೆ ಆಯಾ ಮನೆತನದ ಪರವಾಗಿ ಮಾತಾಡುವವರು, ದೀಪದ ಸಾಕ್ಷಿಯಾಗಿ ನಿಂತು, ಹೆಣ್ಣಿಗೆ ಗಂಡನ ಒಕ್ಕದಲ್ಲಿ ದೊರೆಯುವ ಹಕ್ಕನ್ನು ಪ್ರಶ್ನೋತ್ತರದಲ್ಲಿ ಸ್ಥಿರಪಡಿಸಿ ಹರಳುಗಳನ್ನು ಕೈಗಿತ್ತು ಸಂಬಂಧ ಮುಗಿಸುತ್ತಾರೆ. ಗಂಡುಸಂತಾನವಿಲ್ಲದ ಒಕ್ಕಗಳಲ್ಲಿ ಒಕ್ಕ ಪರಿಜೆ, ಮಕ್ಕ ಪರಿಜೆ ಎಂಬ ಬೇರೆ ಏರ್ಪಾಡುಗಳಿದ್ದವು. ಹುಟ್ಟುವ ಮಕ್ಕಳು ಯಾವ ಒಕ್ಕಕ್ಕೆ ಸೇರುವರು, ಆಸ್ತಿ ಯಾರಿಗೆ ಎಂಬುದು ಅಲ್ಲಿ ಹಿರಿಯರ ಮಾತಿನಿಂದ ನಿಶ್ಚಯವಾಗುತ್ತಿತ್ತು. ಐರ್ಲೆಂಡಿನ ಟ್ರಸ್ಟಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಅರುವ ಮಾಡುತ್ತಿದ್ದ, ಕಾಗದವಿಲ್ಲದೆ. ಮಾತು ಕೊಟ್ಟವರೂ ಕೇಳಿದವರೂ ಹೋದ ಮೇಲೆ ಆ ಏರ್ಪಾಡಿಗೆ ಉಳಿಯುವ ಲಿಖಿತ ಗುರುತು ಮನೆಯವರು ಪರಸ್ಪರ ಬರೆದ ಪತ್ರಗಳಲ್ಲಿ ಮಾತ್ರ. ಅವನ್ನೂ ಸುಟ್ಟರೆ ನಮ್ಮ ಮದುವೆಗಳ ಆರ್ಥಿಕ ಇತಿಹಾಸ ಉಳಿಯುವ ಬೇರೆ ಜಾಗವೇ ಇಲ್ಲ. ಅರೆಭಾಷೆ ಗೌಡರ, ಯೆರವರ, ಹೆಗ್ಗಡೆಯವರ, ಜಮ್ಮಾ ಮಾಪಿಳ್ಳೆಯರ ಮನೆಗಳಿಗೂ ಅವರವರ ಪದ್ಧತಿಗೆ ತಕ್ಕಂತೆ ಈ ಮಾತು ಸಲ್ಲುತ್ತದೆ. ಅಕ್ಷರ ತಡವಾಗಿ ತಲುಪಿದ ಸಮುದಾಯಗಳಲ್ಲಿ ಪತ್ರಗಳಿರುವುದೇ ಅಪರೂಪವಾದ್ದರಿಂದ ಅಲ್ಲಿ ಸಿಗುವ ಒಂದು ಕಾರ್ಡು ಕೂಡ ಅಮೂಲ್ಯ.

ನನ್ನ ತಾಯಿಯ ಮನೆಯಲ್ಲಿ ಉಳಿದ ಒಂದು ಕಟ್ಟಿನಲ್ಲಿ, ಸೇನೆಯಲ್ಲಿದ್ದ ಸೋದರಮಾವ ತಂಗಿಯ ಮದುವೆಯ ಬಗ್ಗೆ ಅಜ್ಜನಿಗೆ ಬರೆದ ಪತ್ರಗಳಿವೆ. ಆಗ ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ವ್ಯವಸ್ಥೆಗೆ, ಒಪ್ಪಿಸಬೇಕಾಗಿತ್ತು, ಹಣ ಕಂತುಕಂತಾಗಿ ತಡವಾಗಿ ಬರುತ್ತಿತ್ತು. ಮುಂದಿನ ಕಂತು ಬರುವವರೆಗೆ ಮುಹೂರ್ತ ಮುಂದೂಡಬೇಕೆ, ಮೆಣಸನ್ನು ಈಗಲೇ ಮಾರಿ ಪತ್ತಾಕ್, ಜೋಮಾಲೆಯಂಥ ಒಡವೆ ಮಾಡಿಸಬೇಕೆ, ತನ್ನ ಸಂಬಳದಿಂದ ಎಷ್ಟು ಮನಿಯಾರ್ಡರ್ ಕಳಿಸಲಿ ಎಂಬ ಚರ್ಚೆ ಪುಟಗಟ್ಟಲೆ ಇದೆ. ವರದಕ್ಷಿಣೆಯ ರೂಢಿಯಿಲ್ಲದ ಸಮಾಜದಲ್ಲಿಯೂ ಮದುವೆ ಹಣವನ್ನು ಬೇಡುತ್ತಿತ್ತು, ಆ ಹಣ ಹುಟ್ಟುತ್ತಿದ್ದುದು ಕಾಫಿಯ ಮಾರಾಟ ನೀತಿಯಿಂದ ಎಂಬುದು ನನಗೆ ಯಾವ ಪಠ್ಯಪುಸ್ತಕಕ್ಕಿಂತಲೂ ಸ್ಪಷ್ಟವಾಗಿ ತಿಳಿದದ್ದು ಅಲ್ಲಿ. ಆ ಪತ್ರಗಳಲ್ಲಿ ಅಸಮಾಧಾನವಿದೆ, ಒಬ್ಬ ನೆಂಟರ ಬಗ್ಗೆ ಕಟುವಾದ ಮಾತೂ ಇದೆ. ಓದಿದ ಮೇಲೆ ಅವರೆಲ್ಲರ ಮೇಲಿನ ನನ್ನ ಗೌರವ ಹೆಚ್ಚಾಯಿತು.

ತಮ್ಮ ಕೈಬರಹ ಹೆಚ್ಚಾಗಿ ಉಳಿಯದವರ ಗತಿಗೆ ನಮ್ಮ ರಾಜಕುಮಾರಿ ಗೌರಮ್ಮನೇ ಉದಾಹರಣೆ. 1834ರಲ್ಲಿ ಪದಚ್ಯುತನಾದ ಕೊಡಗಿನ ಕೊನೆಯ ಅರಸ, ಅವಳ ತಂದೆ ಚಿಕ್ಕವೀರರಾಜೇಂದ್ರ, ಈಸ್ಟ್ ಇಂಡಿಯಾ ಕಂಪನಿಯಿಂದ ತನಗೆ ಬರಬೇಕಾದ ಹಣಕ್ಕಾಗಿ ಹೋರಾಡಲು 1852ರಲ್ಲಿ ಅವಳನ್ನೂ ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಅವಳು ಕ್ರೈಸ್ತ ದೀಕ್ಷಾಸ್ನಾನ ಪಡೆದಾಗ ವಿಕ್ಟೋರಿಯಾ ರಾಣಿ ಅವಳ ಧರ್ಮಮಾತೆಯಾದಳು. ಮಹಾರಾಜ ದುಲೀಪ್ ಸಿಂಗನಿಗೆ ಅವಳನ್ನು ಕೊಡುವ ಮಾತು ನಡೆದು ಮುರಿಯಿತು. 1860ರಲ್ಲಿ ವಯಸ್ಸಿನಲ್ಲಿ ಬಹಳ ಹಿರಿಯನಾದ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನೊಡನೆ ಮದುವೆ, 1864ರಲ್ಲಿ ಸಾವು. ಮದುವೆಯೂ ಹಣವೂ ಹೆಣೆದುಕೊಂಡ ಈ ಬದುಕನ್ನು ನಾವು ಬಹುಮಟ್ಟಿಗೆ ಪರರು ಬರೆದಿಟ್ಟ ಪತ್ರ, ದಿನಚರಿ, ನೆನಪುಗಳಿಂದ ತಿಳಿಯುತ್ತೇವೆ. ಅವಳಿಗೆ ಏನು ಬೇಕಿತ್ತೆಂದು ಹೇಳುವವರಿಲ್ಲ.

ಪತ್ರಗಳನ್ನು ಉಳಿಸುವುದೆಂದರೆ ನಾಳೆಯೇ ಊರಿಗೆಲ್ಲ ಓದಿಸುವುದಲ್ಲ. ಬದುಕಿರುವವರ ಮನ ನೋಯಿಸುವ ಕಾಗದಗಳನ್ನು ಮುದ್ರೆ ಒತ್ತಿದ ಲಕೋಟೆಯಲ್ಲಿಟ್ಟು, ಇಂತಿಷ್ಟು ವರ್ಷ ತೆರೆಯಬಾರದೆಂದು ಬರೆದಿಡಬಹುದು; ಹೊರದೇಶದ ಪತ್ರಾಗಾರಗಳು ದಾನಿಗಳ ಇಂಥ ಷರತ್ತುಗಳನ್ನು ಒಪ್ಪಿಕೊಂಡೇ ಕಾಗದಗಳನ್ನು ಸ್ವೀಕರಿಸುತ್ತವೆ. ಮನೆಯಲ್ಲಿ ಮಾಡಬಹುದಾದ ಕೆಲಸವೂ ದೊಡ್ಡದೇನಲ್ಲ. ಕಟ್ಟನ್ನು ಬಿಚ್ಚಿ ವಿಷಯವಾರು ವಿಂಗಡಿಸಲು ಹೋಗಬೇಡಿ. ಯಾವ ಪತ್ರದ ಜೊತೆ ಯಾವ ರಸೀದಿ ಇತ್ತೆಂಬುದೇ ಅನೇಕ ವೇಳೆ ಅರ್ಥ ಕೊಡುತ್ತದೆ. ಹರಿದಲ್ಲಿ ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಬೇಡಿ; ನಮ್ಮ ಮಳೆಗಾಲದ ತೇವಕ್ಕೆ ಅದರೊಳಗೆ ಬೂಷ್ಟು ಹಿಡಿಯುತ್ತದೆ. ಒಣ ಹತ್ತಿಬಟ್ಟೆಯಲ್ಲಿ ಸುತ್ತಿ, ನೆಲಕ್ಕೂ ಗೋಡೆಗೂ ತಾಗದ ಹಾಗೆ ಇಟ್ಟರೆ ಬಹುಮಟ್ಟಿಗೆ ಸಾಕು. ಮೊಬೈಲಿನಲ್ಲಿ ಒಂದೊಂದು ಪುಟದ ಚಿತ್ರ ತೆಗೆಯುವ ಕೆಲಸವನ್ನು ಮಕ್ಕಳು ಸಂತೋಷದಿಂದ ಮಾಡುತ್ತಾರೆ. ಬರೆದವರು ಯಾರು, ಯಾರ ಮಗಳು, ಯಾವ ಒಕ್ಕಕ್ಕೆ ಹೋದವಳು ಎಂದು ಹಿರಿಯರನ್ನು ಕೇಳಿ ಬರೆದಿಡುವುದು ಮಾತ್ರ ಈಗಲೇ ಆಗಬೇಕು. ಸುಗ್ಗಿಯ ಹಬ್ಬವಾದ ಪುತ್ತರಿಗೆ ಒಕ್ಕದವರೆಲ್ಲ ಐನ್‌ಮನೆಯಲ್ಲಿ ಸೇರಿದಾಗ ಅದಕ್ಕೆ ಸಮಯ ಮಾಡಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಮಡಿಕೇರಿಯಲ್ಲಿರುವ ಕೊಡವ ಸಾಹಿತ್ಯ ಅಕಾಡೆಮಿ ಮತ್ತು ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿಗಳಿಗೆ, ರಾಜ್ಯ ಪತ್ರಾಗಾರ ಇಲಾಖೆಗೆ ತಮ್ಮ ಪತ್ರಿಕೆಯ ಮೂಲಕ ನನ್ನದೊಂದು ಕೋರಿಕೆಯಿದೆ. ಮೂಲ ಕಾಗದಗಳನ್ನು ಮನೆಯವರಿಂದ ಕಿತ್ತುಕೊಳ್ಳದೆ, ಮಡಿಕೇರಿಯಲ್ಲಿ ಸ್ಕ್ಯಾನರ್ ಒಂದನ್ನಿಟ್ಟು, ತರಬೇತಾದ ಒಬ್ಬರನ್ನು ನೇಮಿಸಿ, ಪ್ರತಿ ಮಾಡಿಕೊಂಡು ಮೂಲವನ್ನು ಮರಳಿಸುವ, ಮನೆಯವರ ಷರತ್ತನ್ನು ಲಿಖಿತವಾಗಿ ಒಪ್ಪುವ ಏರ್ಪಾಡು ಮಾಡಬೇಕು. ಪಟ್ಟಿ ಮಾಡುವಾಗ ಮನೆತನದ ಹೆಸರಿನ ಜೊತೆಗೆ ಪತ್ರ ಬರೆದ ಹೆಣ್ಣುಮಗಳ ಸ್ವಂತ ಹೆಸರನ್ನೂ ಅವಳ ತಾಯಿಮನೆಯ ಹೆಸರನ್ನೂ ತಪ್ಪದೆ ಸೇರಿಸಬೇಕು. ‘ಇಂಥವರ ಪತ್ನಿ’ ಎಂದಷ್ಟೇ ಬರೆದ ಪಟ್ಟಿಗಳಲ್ಲಿ ಅವಳನ್ನು ಮತ್ತೆ ಹುಡುಕುವುದು ಎಷ್ಟು ಕಷ್ಟವೆಂದು ಆ ಕೆಲಸ ಮಾಡಿದವರಿಗೆಲ್ಲ ಗೊತ್ತು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಉಪನ್ಯಾಸಕಿ
ವಿರಾಜಪೇಟೆ, ಕೊಡಗು ಜಿಲ್ಲೆ